ಲೋನ್ ಟ್ರಾನ್ಸ್‌ಫರ್ ಮಾಡಿಸೋವಾಗ ಖಾಲಿ ಪೇಪರ್‌ಗೆ ಸೈನ್ ಹಾಕ್ಲಿಲ್ಲ: ನನ್ನ ಅನುಭವ

ಕುಶಾಲನಗರದ ನಮ್ಮ ಮನೆ ಲೋನ್ ಒಂದು ಹೌಸಿಂಗ್ ಫೈನಾನ್ಸ್ ಕಂಪನೀಲಿತ್ತು. 2025ರಲ್ಲಿ ಫೆಬ್ರವರಿಯಿಂದ ಜೂನ್ ಒಳಗೆ ರೆಪೋ ರೇಟ್, ಅಂದ್ರೆ ಆರ್‌ಬಿಐ ಬ್ಯಾಂಕುಗಳಿಗೆ ಸಾಲ ಕೊಡೋ ಬಡ್ಡಿ ದರ, ಶೇ. 6.50ರಿಂದ 5.50ಕ್ಕೆ ಇಳೀತು, ನಮ್ಮ ಬಡ್ಡಿ ಮಾತ್ರ ಅಲ್ಲೇ ಕೂತಿತ್ತು, ಕೇಳಿದ್ರೆ ನಮ್ದು ರೆಪೋಗೆ ಲಿಂಕ್ ಇಲ್ಲ ಅಂದ್ರು. ಫ್ಲೋಟಿಂಗ್ (ಬಡ್ಡಿ ಬದಲಾಗ್ತಾ ಇರೋ) ಲೋನ್ ಆದ್ದರಿಂದ ಮುಂಚೆ ತೀರಿಸಿದ್ರೆ ಪೆನಾಲ್ಟಿ ಇಲ್ಲ, ಸರಿ, ರೆಪೋಗೆ ಲಿಂಕ್ ಇರೋ ಬ್ಯಾಂಕ್ ಲೋನ್‌ಗೆ ಟ್ರಾನ್ಸ್‌ಫರ್ ಮಾಡಿಸೋಣ ಅಂತ ನಾನೂ ಮನೆಯವಳೂ ಹೊರಟ್ವಿ. ನಮ್ದು ಕೃಷಿ ಜಮೀನಿಂದ ಕನ್ವರ್ಷನ್ ಆದ ಸೈಟು.

ಸೈನ್ ಮಾಡಿಸೋಕೆ ಬ್ಯಾಂಕಿನ ಏಜೆಂಟ್ ಹುಡುಗ ಮೈಸೂರಿಂದ ಮನೆಗೇ ಬಂದ. ದಪ್ಪ ಫೈಲು, ಸೈನ್ ಹಾಕೋ ಕಡೆ ಎಲ್ಲಾ ಪೆನ್ಸಿಲ್ಲಲ್ಲಿ ಇಂಟು ಗುರುತು. "ಇಲ್ಲಿ ಇಲ್ಲಿ ಹಾಕ್ಬಿಡಿ ಸಾರ್, ಉಳಿದಿದ್ದು ಆಫೀಸಲ್ಲಿ ಫಿಲ್ ಮಾಡ್ಕೊಳ್ತೀವಿ, ಮಳೆ ಜೋರಾಗೋದ್ರೊಳಗೆ ವಾಪಸ್ ಹೋಗ್ಬೇಕು" ಅಂದ. ಪಾಪ ಅವನ ಕಷ್ಟ ಅರ್ಥ ಆಗುತ್ತೆ, ಆದ್ರೆ ಮುಂದೆ ವರ್ಷಗಟ್ಲೆ ಕಂತು ಕಟ್ಟೋದು ನಾವು. "ಕಾಫಿ ಕುಡಿ ತಮ್ಮಾ, ನಾನು ಓದ್ತೀನಿ" ಅಂದು ಕೂತೆ.

ಅಗ್ರಿಮೆಂಟ್ ಕೊನೇಲಿರೋ ಷೆಡ್ಯೂಲ್ ಇದೆಯಲ್ಲ, ಅದೇ ಜೀವಾಳ, ಅಲ್ಲೇ ಎಲ್ಲಾ ಖಾಲಿ. ಲೋನ್ ಮೊತ್ತ ಇಲ್ಲ, ಬಡ್ಡಿ ಇಲ್ಲ, ರೆಪೋ ಮೇಲೆ ಬ್ಯಾಂಕು ಎಷ್ಟು ಸೇರಿಸುತ್ತೆ (ಸ್ಪ್ರೆಡ್) ಅಂತಿಲ್ಲ, ಎಷ್ಟು ತಿಂಗಳು ಅಂತಿಲ್ಲ. ಇಷ್ಟು ದುಡ್ಡು ಕೊಡ್ತೀನಿ ಅಂತ ಬರ್ದುಕೊಡೋ ಪ್ರಾಮಿಸರಿ ನೋಟಲ್ಲಿ ಸ್ಟ್ಯಾಂಪ್ ಅಂಟಿಸಿತ್ತು, ಮೊತ್ತ ಖಾಲಿ. ಇದು ತುಂಬಾ ಜನಕ್ಕೆ ಗೊತ್ತಿಲ್ಲ: 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಆಕ್ಟ್ 20ನೇ ಸೆಕ್ಷನ್ ಪ್ರಕಾರ ಹಾಗೆ ಸೈನ್ ಮಾಡಿ ಕೊಟ್ರೆ, ಆ ಸ್ಟ್ಯಾಂಪಿಗೆ ಸಲ್ಲೋಷ್ಟು ಮೊತ್ತ ತುಂಬೋಕೆ ನಾವೇ ಅಧಿಕಾರ ಕೊಟ್ಟಂಗೆ. ಆಮೇಲೆ ನಾನು ಬರ್ದಿಲ್ಲ ಅಂತ ವಾದ ಮಾಡೋದು ಸುಲಭ ಅಲ್ಲ. ಇಎಂಐ ಕಟ್ ಆಗೋ ಮ್ಯಾಂಡೇಟ್ ಫಾರ್ಮಲ್ಲೂ ಮೊತ್ತದ ಜಾಗ ಬಿಳಿ. ಮಧ್ಯದಲ್ಲಿ ಒಂದು ಇನ್ಶೂರೆನ್ಸ್ ಫಾರ್ಮ್, ಅದಕ್ಕೂ ಇಂಟು ಗುರುತು, ನಾವು ಕೇಳೇ ಇರ್ಲಿಲ್ಲ. ಅದನ್ನ ತೆಗ್ದು ಪಕ್ಕಕ್ಕಿಟ್ಟೆ.

ನಂಗೆ ಜಾಸ್ತಿ ಹೆದರಿಕೆ ಆಗಿದ್ದು ಬ್ಯಾಂಕಲ್ಲಿ ಇಡೋ ಒರಿಜಿನಲ್ ಆಸ್ತಿ ಪತ್ರಗಳ ಪಟ್ಟಿ ನೋಡಿ, ಒಂದೇ ಒಂದು ಸಾಲೂ ತುಂಬಿರ್ಲಿಲ್ಲ. ನಾಳೆ ಮೂಲ ಕ್ರಯಪತ್ರ ಕಳೆದೋದ್ರೆ ಕೊಟ್ಟಿದ್ವಿ ಅನ್ನೋಕೆ ಏನಿದೆ? ಲೋನ್ ಪೂರ್ತಿ ತೀರಿದ 30 ದಿನದಲ್ಲಿ ಪತ್ರ ವಾಪಸ್ ಕೊಡ್ಬೇಕು, ಸಾಲ ಕೊಟ್ಟೋರಿಂದ ತಡ ಆದ್ರೆ ದಿನಕ್ಕೆ 5,000 ರೂಪಾಯಿ ಪರಿಹಾರ ಅಂತ 2023 ಡಿಸೆಂಬರ್ 1ರಿಂದ ಆರ್‌ಬಿಐ ನಿಯಮ ಇದೆ ನಿಜ, ಆದ್ರೆ ಪಟ್ಟಿಲೇ ಇಲ್ಲದ ಪತ್ರ ಹೇಗೆ ಕೇಳ್ತೀರಿ. ಹಳೇ ಕಂಪನಿ ಕೊಟ್ಟಿದ್ದ ಡಾಕ್ಯುಮೆಂಟ್ ಲಿಸ್ಟ್ ಮುಂದಿಟ್ಕೊಂಡು ಕ್ರಯಪತ್ರದ ನಂಬರ್, ತಾರೀಕು, ಪುಟ ಎಷ್ಟು, ಕನ್ವರ್ಷನ್ ಆರ್ಡರ್, ಖಾತೆ, ಪ್ಲಾನ್ ಎಲ್ಲಾ ನಾನೇ ಬರ್ದೆ, ಕೊನೇ ಸಾಲಿನ ಕೆಳಗೆ ಉಳಿದ ಜಾಗಕ್ಕೆ ಅಡ್ಡ ಗೆರೆ ಎಳೆದ್ವಿ.

ಅವತ್ತು ಸೈನ್ ಹಾಕ್ಲಿಲ್ಲ. ಬ್ರಾಂಚ್ ಮ್ಯಾನೇಜರಿಗೆ ಫೋನ್ ಮಾಡಿ ಕೆಎಫ್‌ಎಸ್ ಕನ್ನಡದಲ್ಲಿ ಬೇಕು ಸಾರ್ ಅಂದೆ. ಬಡ್ಡಿ, ಫೀಸು, ಒಟ್ಟು ಖರ್ಚು ಎಲ್ಲಾ ಸೇರಿಸಿ ಕೊಡೋ ಮುಖ್ಯಾಂಶಗಳ ಪತ್ರ ಅದು, 2024 ಅಕ್ಟೋಬರಿಂದ ಹೊಸ ರಿಟೇಲ್ ಲೋನ್‌ಗೆಲ್ಲಾ ಕಡ್ಡಾಯ, ಸಾಲಗಾರನಿಗೆ ಅರ್ಥ ಆಗೋ ಭಾಷೇಲೇ ಇರ್ಬೇಕು, ಯೋಚ್ನೆ ಮಾಡೋಕೆ ಕನಿಷ್ಠ 3 ವರ್ಕಿಂಗ್ ಡೇ ಸಿಗುತ್ತೆ, ಅದ್ರಲ್ಲಿ ಬರೀದೇ ಇರೋ ಚಾರ್ಜ್ ನಮ್ಮ ಒಪ್ಪಿಗೆ ಇಲ್ದೆ ಹಾಕೋಂಗಿಲ್ಲ. ಅವರು ಬೇಜಾರೇನೂ ಮಾಡ್ಕೊಳ್ಳಿಲ್ಲ, ತುಂಬಿಸಿ ಪ್ರಿಂಟ್ ತೆಗೆಸಿದ್ರು. ನಾವೇ ಬ್ರಾಂಚಿಗೆ ಹೋಗಿ ಕೆಎಫ್‌ಎಸ್ಸಿನ ಅಂಕಿಯನ್ನ ಷೆಡ್ಯೂಲಿನ ಅಂಕಿ ಜೊತೆ ಒಂದೊಂದಾಗಿ ತಾಳೆ ನೋಡಿದ್ವಿ, ಸೈನ್ ಪಕ್ಕ ತಾರೀಕು ಬರೆದ್ವಿ, ಮನೆಯವಳು ಪ್ರತಿ ಪುಟದ ಫೋಟೋ ತಗೊಂಡ್ಳು. ಅಗ್ರಿಮೆಂಟ್ ಕಾಪಿ ಕೇಳಿ ಈಸ್ಕೊಳ್ಳಿ, ಅದು ನಿಮ್ಮ ಹಕ್ಕು.

ಎಲ್ಲಾ ಆದ್ಮೇಲೆ ನೋಂದಣಿ ಇಲಾಖೆಯ ಕಾವೇರಿ ಆನ್‌ಲೈನಲ್ಲಿ ಇಸಿ, ಅಂದ್ರೆ ಆಸ್ತಿ ಮೇಲಿನ ಸಾಲ, ವಹಿವಾಟು ತೋರಿಸೋ ಋಣಭಾರ ಪತ್ರ, ತೆಗೆಸಿ ನೋಡಿ. ನಮ್ದರಲ್ಲಿ ಹಳೇ ಸಾಲದ ಡಿಸ್‌ಚಾರ್ಜೂ ಬಂದಿದೆ, ಹೊಸ ಸಾಲದ ಮೊತ್ತವೂ ಕೆಎಫ್‌ಎಸ್ಸಲ್ಲಿ ಇರೋದೇ ಇದೆ.