ಇಂಚು, ಸೆಂಟ್ ಮತ್ತು ಕಾಫಿ ಚೀಲ: ನಮ್ಮ ರೇಡಿಯೋ ಉಳಿದ ಬಗೆ

"ಮಳೆ ಬಂದದ್ದು ಅಂಗಳದಲ್ಲೇ ಕಾಣುತ್ತದೆ. ಅದನ್ನು ನೀವು ರೇಡಿಯೋದಲ್ಲಿ ಬೇರೆ ಓದಬೇಕಾ?" 2021ರ ಮಳೆಗಾಲಕ್ಕೆ ಮುಂಚೆ, ಕೊಡಗಿನಲ್ಲಿ ಸಮುದಾಯ ರೇಡಿಯೋ ನಡೆಸುವ ನಮ್ಮ ಟ್ರಸ್ಟಿನ ಹಿರಿಯರೊಬ್ಬರು ಹೀಗೆ ಕೇಳಿದಾಗ ಉಳಿದವರೆಲ್ಲ ತಲೆಯಾಡಿಸಿದರು. ಅದೇ ವರ್ಷದ ಡಿಸೆಂಬರಿನಲ್ಲಿ, ದೇಣಿಗೆಯನ್ನು ದುಡ್ಡಿನ ಬದಲು ಕಾಫಿಯಾಗಿ ಕೇಳೋಣ ಎಂದಾಗ ಇನ್ನೊಬ್ಬರು, "ಚೀಲ ಹೊತ್ತು ರೇಡಿಯೋ ನಡೆಸಿದವರು ಎಲ್ಲಾದರೂ ಉಂಟಾ?" ಎಂದರು. ಈಗ ನಾಲ್ಕು ಸುಗ್ಗಿ ಮುಗಿದಿದೆ. ನಿಲಯ ನಡೆಯುತ್ತಿದೆ, ಮೂವರಿಗೆ ಪ್ರತಿ ತಿಂಗಳು ಐದನೇ ತಾರೀಕಿನೊಳಗೆ ಸಂಬಳ ಹೋಗುತ್ತಿದೆ. ಬೇರೆ ಜಿಲ್ಲೆಗಳ ಸಮುದಾಯ ರೇಡಿಯೋದವರು ಬಂದು ನೋಡಿಕೊಂಡು ಹೋಗುತ್ತಿದ್ದಾರೆ. ಬಂದವರೆಲ್ಲ "ನಿಮ್ಮ ರೇಡಿಯೋ ಉಳಿದದ್ದು ಹೇಗೆ?" ಎಂಬ ಒಂದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುವುದರಿಂದ ಬರೆದಿಡುತ್ತಿದ್ದೇನೆ.

ಲೈಸೆನ್ಸ್, ತರಂಗಾಂತರದ ಅನುಮತಿ, ಗೋಪುರದ ಅನುಮತಿ ಇವುಗಳ ಅಲೆದಾಟ ನಿಮಗೆಲ್ಲ ಗೊತ್ತಿರುವುದೇ. ನಮಗೆ ಸುಮಾರು ಎರಡೂವರೆ ವರ್ಷ ಹಿಡಿಯಿತು. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲ ಕಡೆ ಗುಡ್ಡ ಜಾರಿದಾಗ ಕರೆಂಟ್ ಹೋಗಿ, ಫೋನ್ ಸತ್ತು, ಪಕ್ಕದ ಊರಿನಲ್ಲಿ ಏನಾಗಿದೆ ಎಂದು ತಿಳಿಯದೆ ದಿನಗಟ್ಟಲೆ ಕುಳಿತಿದ್ದೆವು. ಆಗ ಹುಟ್ಟಿದ ಯೋಚನೆ ಇದು. ಗಾಳಿಗೆ ಬಂದದ್ದು 2021ರ ಫೆಬ್ರುವರಿಯಲ್ಲಿ. 50 ವಾಟ್ ಟ್ರಾನ್ಸ್‌ಮಿಟರ್, 30 ಮೀಟರ್ ಗೋಪುರ, ಹಳೆಯ ಕಾಫಿ ಗೋದಾಮಿನ ಒಂದು ಕೋಣೆ. ಕಾಗದದ ಮೇಲೆ ಹತ್ತು ಹದಿನೈದು ಕಿಲೋಮೀಟರ್ ಕೇಳಬೇಕು. ನಮ್ಮ ಕಡೆಯ ಬೆಟ್ಟಗಳಲ್ಲಿ ಎದುರಿನ ಇಳಿಜಾರಿಗೆ ಹದಿನೆಂಟು ಕಿಲೋಮೀಟರ್ ಕೇಳುತ್ತದೆ, ಹಿಂಬದಿಯ ಕಣಿವೆಗೆ ನಾಲ್ಕು ಕಿಲೋಮೀಟರಿಗೇ ಮಂಕಾಗುತ್ತದೆ.

ಮೊದಲ ವರ್ಷ ಉಳಿದವರು ಮಾಡಿದ್ದನ್ನೇ ನಾವೂ ಮಾಡಿದೆವು. ಆರೋಗ್ಯದ ಮಾತು, ಕೃಷಿ ಸಲಹೆ, ಭಾವಗೀತೆ. ಲಾಕ್‌ಡೌನ್ ಕಾಲದಲ್ಲಿ ಏಳನೇ ತರಗತಿಯ ಗಣಿತ ಪಾಠವನ್ನೂ ಓದಿಸಿದೆವು. ಕೇಳುವವರು ಇದ್ದರು, ಆದರೆ ರೇಡಿಯೋ ನಿಂತುಹೋದರೆ ಗೇಟಿನ ಹತ್ತಿರ ಬಂದು ಕೇಳುವವರು ಇರಲಿಲ್ಲ. ಆಗಸ್ಟಿನಲ್ಲಿ ಎರಡು ದಿನ ಪ್ರಸಾರ ನಿಂತಿತು. ಒಂದೇ ಒಂದು ಫೋನ್ ಬಂತು, ಅದೂ ನಮ್ಮ ಉದ್ಘೋಷಕಿಯ ತಾಯಿಯದು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮಳೆ ಲೆಕ್ಕ ಆಗಲೇ ಶುರುವಾಗಿತ್ತು, ಆದರೆ ನಾಲ್ಕೇ ತೋಟದ್ದು. ಕೊಡಗಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ. ತೋಟ ಇದ್ದ ಮನೆಯಲ್ಲಿ ಮಳೆಮಾಪಕ ಇರುತ್ತದೆ, ಅದರ ಪಕ್ಕದಲ್ಲಿ ಒಂದು ಪುಸ್ತಕ, ಅದರಲ್ಲಿ ಅಜ್ಜನ ಕಾಲದಿಂದ ಬರೆದ ಇಂಚು, ಸೆಂಟ್. ಇಂಚಿನ ನೂರನೇ ಒಂದು ಪಾಲು ಒಂದು ಸೆಂಟ್. ಬೆಳಿಗ್ಗೆ ಇಬ್ಬರು ಸಿಕ್ಕಿದರೆ ಮೊದಲ ಮಾತೇ "ನಿಮ್ಮಲ್ಲಿ ಎಷ್ಟು?" ಭಾಗಮಂಡಲದಲ್ಲಿ ವರ್ಷಕ್ಕೆ ಇನ್ನೂರು ಇಂಚಿನ ಆಚೀಚೆ ಸುರಿದರೆ ಕುಶಾಲನಗರದಲ್ಲಿ ಅದರ ಕಾಲು ಭಾಗ ಬಂದರೆ ಹೆಚ್ಚು. ಒಂದೇ ಊರಿನ ಮೇಲಿನ ತೋಟಕ್ಕೂ ಕೆಳಗಿನ ತೋಟಕ್ಕೂ ಹೊಂದಿಕೆ ಇರುವುದಿಲ್ಲ. ಇದು ದುಡ್ಡಿನ ವಿಷಯ. ಮಾರ್ಚಿನಲ್ಲಿ ರೋಬಸ್ಟಾ ಕಾಫಿ ತೋಟಕ್ಕೆ ಒಂದು ಇಂಚು ಬಿದ್ದರೆ ಹೂವು ಸರಿಯಾಗಿ ಅರಳುತ್ತದೆ. ಮೂವತ್ತು ಸೆಂಟ್ ಬಿದ್ದು ನಿಂತರೆ ಮೊಗ್ಗು ಅರೆಬರೆಯಾಗಿ ಹಾಳಾಗುತ್ತದೆ, ಅದೇ ದಿನ ಪಂಪು ಹಚ್ಚಿ ಸ್ಪ್ರಿಂಕ್ಲರ್ ತಿರುಗಿಸಬೇಕು. ಮಡಿಕೇರಿಯಲ್ಲಿ ಕೆಲಸಕ್ಕಿರುವವನು ತನ್ನ ತೋಟದ ಪಕ್ಕದ ಲೆಕ್ಕ ಕೇಳಿದರೆ ಡೀಸೆಲ್ ತರಬೇಕೋ ಬೇಡವೋ ಎಂದು ಬೆಳಿಗ್ಗೆ ಎಂಟಕ್ಕೇ ತೀರ್ಮಾನಿಸಬಹುದು.

2022ರ ಹೂಮಳೆಗೆ ಮೊದಲೇ ನಲವತ್ತು ಮನೆಗಳನ್ನು ಹಿಡಿದೆವು. ಏಳು ಗಂಟೆಗೆ ಅಳೆಯಬೇಕು, ಏಳು ಇಪ್ಪತ್ತರೊಳಗೆ ತಿಳಿಸಬೇಕು, ಏಳೂವರೆಗೆ ಓದುತ್ತೇವೆ. ಮೊದಲ ತಿಂಗಳು ಅವಾಂತರ. ಒಂದು ಮನೆಯ ಲೆಕ್ಕ ಪ್ರತಿದಿನ ಅಕ್ಕಪಕ್ಕದವರಿಗಿಂತ ಒಂದೂವರೆ ಪಟ್ಟು ಬರುತ್ತಿತ್ತು. ಹೆಚ್ಚು ಹೇಳುತ್ತಿದ್ದಾರೆ ಎಂದು ಊರವರೇ ಗೊಣಗಿದರು. ಹೋಗಿ ನೋಡಿದರೆ ಅವರದು ಐದಿಂಚಿನ ಆಲಿಕೆ. ಅಳೆಯುವ ಗಾಜಿನ ಜಾಡಿ ಒಡೆದುಹೋಗಿ, ನಾಲ್ಕಿಂಚಿನ ಮಾಪಕದ ಜಾಡಿಯನ್ನು ತಂದು ಇಟ್ಟುಕೊಂಡಿದ್ದರು. ಆ ಹಿರಿಯರು ಬಹಳ ನೊಂದುಕೊಂಡರು, ಎರಡು ವರ್ಷದ ಪುಸ್ತಕವನ್ನೇ ಕೆಂಪು ಪೆನ್ನಿನಲ್ಲಿ ತಿದ್ದಿದರು. ಆಮೇಲೆ ನಲವತ್ತು ಮನೆಯ ಮಾಪಕವನ್ನೂ ನಾನೇ ಟೇಪು ಹಿಡಿದು ಅಳೆದೆ. ಒಂಬತ್ತು ತಪ್ಪಿದ್ದವು. ಎರಡರ ಮೇಲೆ ಸಿಲ್ವರ್ ಮರದ ಕೊಂಬೆ ಚಾಚಿತ್ತು. ನೀವು ಇದನ್ನು ಮಾಡುವುದಾದರೆ ಈ ಕೆಲಸ ಬಿಡಬೇಡಿ. ಒಂದು ಸುಳ್ಳು ಸಂಖ್ಯೆ ಗಾಳಿಗೆ ಹೋದರೆ ಉಳಿದ ಮೂವತ್ತೊಂಬತ್ತನ್ನೂ ಯಾರೂ ನಂಬುವುದಿಲ್ಲ.

ಸಮುದಾಯ ರೇಡಿಯೋದಲ್ಲಿ ನಮ್ಮದೇ ಸುದ್ದಿ ಓದುವಂತಿಲ್ಲ, ಆಕಾಶವಾಣಿಯ ಸುದ್ದಿಯನ್ನು ಇದ್ದ ಹಾಗೆ ಮರುಪ್ರಸಾರ ಮಾಡಬಹುದು ಅಷ್ಟೇ. ಮಳೆ ಲೆಕ್ಕಕ್ಕೆ ಆ ತೊಡಕಿಲ್ಲ. ಶುರುವಿನಲ್ಲಿ ಕನ್ನಡ, ಕೊಡವ ತಕ್ಕ್, ಅರೆಭಾಷೆ ಮೂರರಲ್ಲೂ ಓದಿಸಿದೆವು. ಹದಿನಾಲ್ಕು ನಿಮಿಷ ಹಿಡಿಯಿತು, ಜನ ಬೇಸತ್ತರು. ಈಗ ಅಂಕಿ ಕನ್ನಡದಲ್ಲಿ ಮಾತ್ರ, ನಾಲ್ಕೂವರೆ ನಿಮಿಷ. ಆಮೇಲಿನ ಮಾತುಕತೆ ಅವರವರ ಭಾಷೆಯಲ್ಲಿ. ಊರುಗಳನ್ನು ಅಕಾರಾದಿಯಲ್ಲಿ ಓದುವುದಿಲ್ಲ, ಬಸ್ಸು ಹೋಗುವ ದಾರಿಯಲ್ಲಿ ಓದುತ್ತೇವೆ. ಫೋನ್ ಸತ್ತ ದಿನಗಳಲ್ಲಿ ಮೊದಲ ಬಸ್ಸಿನ ಕಂಡಕ್ಟರ್ ಚೀಟಿಗಳನ್ನು ತರುತ್ತಾರೆ. ಜುಲೈಯ ಒಂದು ಬೆಳಿಗ್ಗೆ ಅವರು ಕೊಟ್ಟ ಚೀಟಿ ಒದ್ದೆಯಾಗಿ ಶಾಯಿ ಕದಡಿತ್ತು, "9" ಇದೆಯೋ "4" ಇದೆಯೋ ತಿಳಿಯಲಿಲ್ಲ. ಆ ಊರನ್ನು ಓದಲಿಲ್ಲ. ಮಧ್ಯಾಹ್ನದೊಳಗೆ ಆ ಊರಿನವರು ಮೂವರು ಜೀಪಿನಲ್ಲಿ ಬಂದು ಏಕೆ ಬಿಟ್ಟಿರಿ ಎಂದು ವಿಚಾರಿಸಿದರು. ಗೇಟಿನ ಹತ್ತಿರ ಬಂದು ಕೇಳುವವರು ಕೊನೆಗೂ ಸಿಕ್ಕಿದರು ಎಂದು ನನಗೆ ಆ ದಿನ ಖಾತ್ರಿಯಾಯಿತು.

ಇನ್ನು ದುಡ್ಡು. ತಿಂಗಳಿಗೆ ಎಂಬತ್ತೈದು ಸಾವಿರದಷ್ಟು ಖರ್ಚು. ಮಳೆಗಾಲದಲ್ಲಿ ಡೀಸೆಲ್ ಸೇರಿ ತೊಂಬತ್ತೈದು ದಾಟುತ್ತದೆ. ಸರ್ಕಾರಿ ಜಾಹೀರಾತಿನ ದರ 2024ರಲ್ಲಿ ಹತ್ತು ಸೆಕೆಂಡಿಗೆ 52 ರೂಪಾಯಿಯಿಂದ 74 ಆಯಿತು, ಗಂಟೆಗೆ ಏಳರ ಬದಲು ಹನ್ನೆರಡು ನಿಮಿಷ ಹಾಕಬಹುದು. ಒಳ್ಳೆಯದೇ. ಆದರೆ ನಾವು ಓದಿದ ಒಂದು ಜಾಹೀರಾತಿನ ಬಿಲ್ಲು ಕೈಸೇರಲು ಹದಿನಾಲ್ಕು ತಿಂಗಳು ಹಿಡಿಯಿತು. ಸದಸ್ಯತ್ವ ಎಂದು ವರ್ಷಕ್ಕೆ 500 ರೂಪಾಯಿ ಕೇಳಿದೆವು. ಇಡೀ ವರ್ಷದಲ್ಲಿ 38 ಮಂದಿ ಕೊಟ್ಟರು. ಐವತ್ತು ಎಕರೆ ಇರುವವರೂ ನಾಳೆ ನೋಡೋಣ ಎಂದರು.

ಹಾಗೆಂದ ಒಂದು ಮನೆಗೆ ಸುಗ್ಗಿಯ ಹೊತ್ತಿನಲ್ಲಿ ಹೋದಾಗ ಕಣದಲ್ಲಿ ಚೆರ್ರಿ, ಅಂದರೆ ಸಿಪ್ಪೆ ಸಮೇತದ ಕಾಫಿ ಹಣ್ಣು, ಒಣಗುತ್ತಿತ್ತು. ಹೊರಡುವಾಗ ಮನೆಯ ಅಕ್ಕ, "ಮನೆಗೆ ಒಯ್ಯಿರಿ" ಎಂದು ಕೇಳದೆಯೇ ಎರಡು ಸೇರು ಕರಿಮೆಣಸು ಕಟ್ಟಿಕೊಟ್ಟರು. ಆ ಮೆಣಸಿನ ಬೆಲೆ 500 ರೂಪಾಯಿಗಿಂತ ಹೆಚ್ಚು! ಜೇಬಿನಿಂದ ತೆಗೆಯುವಾಗ ಬಿಗಿಯುವ ಕೈ ಕಣದಿಂದ ಎತ್ತುವಾಗ ಬಿಗಿಯುವುದಿಲ್ಲ. ಮಳೆ ತಿಳಿಸುವ ಪ್ರತಿ ಮನೆಯ ಜಗಲಿಯಲ್ಲಿ ಒಂದು ಗೋಣಿಚೀಲ ನೇತುಹಾಕಿಸಿದೆವು. ಅಕ್ಕಪಕ್ಕದವರು ಒಂದು ಕಿಲೋ, ಐದು ಕಿಲೋ, ತಮ್ಮ ಮನಸ್ಸಿಗೆ ಬಂದಷ್ಟು ಹಾಕಲಿ ಎಂದು.

ಮೊದಲ ಸುಗ್ಗಿಯಲ್ಲಿ ಹನ್ನೊಂದು ಚೀಲ ಬಂತು, ನಾಲ್ಕು ಹಾಳಾಯಿತು. ಅಲ್ಲಾಡಿಸಿದರೆ ಗಿಲಕಿಯ ಹಾಗೆ ಸದ್ದು ಬರಬೇಕು, ಬಾರದಿದ್ದರೆ ಒಣಗಿಲ್ಲ. ಇದು ಮಕ್ಕಳಿಗೂ ಗೊತ್ತು. ಆದರೂ ಹಾಕಿದವರನ್ನು ತಡೆಯಲು ಸಂಕೋಚಪಟ್ಟು ಹಸಿಯನ್ನೂ ಒಣಗಿದ್ದನ್ನೂ ಒಂದೇ ಚೀಲಕ್ಕೆ ತುಂಬಿಸಿದೆವು. ಮಾರ್ಚಿನಲ್ಲಿ ಬಿಚ್ಚಿದಾಗ ಬೂಷ್ಟು. ವ್ಯಾಪಾರಿ ಔಟ್‌ಟರ್ನ್ (ಒಣ ಚೆರ್ರಿಯಲ್ಲಿ ಬೇಳೆ ಎಷ್ಟು ಸಿಗುತ್ತದೆ ಎಂಬುದು) ನೋಡಲು ಮುಷ್ಟಿಯಷ್ಟು ಕುಟ್ಟಿ ಬೇಳೆ ಬಿಡಿಸಿದರು, ಮೂಸಿದರು, ಮಾತಾಡದೆ ಚೀಲವನ್ನು ಪಕ್ಕಕ್ಕೆ ತಳ್ಳಿದರು. ಈಗ ತೇವಾಂಶದ ಮೀಟರ್ ಹಿಡಿದೇ ಹೋಗುತ್ತೇವೆ, ಊರಿನ ಹೆಸರು ಬರೆಯದ ಚೀಲವನ್ನು ಜೀಪಿಗೆ ಹತ್ತಿಸುವುದಿಲ್ಲ.

ಎರಡನೇ ತಪ್ಪು ದಾನಿಗಳ ಹೆಸರು ಓದಿದ್ದು. ನನ್ನ ಹತ್ತು ಕಿಲೋಗಿಂತ ಅವನ ಐದು ಕಿಲೋ ಮೊದಲು ಹೇಗೆ ಬಂತು ಎಂದು ಜಗಳವಾಯಿತು. ಈಗ ಊರಿನ ಒಟ್ಟು ತೂಕ ಮಾತ್ರ ಓದುತ್ತೇವೆ. ಮೂರನೆಯದು ಇದಕ್ಕಿಂತ ಗಂಭೀರ. ಲೈನ್ ಮನೆಗಳಲ್ಲಿರುವ ಕೆಲಸಗಾರರೂ ಪ್ರೀತಿಯಿಂದ ಹಿಡಿ ಹಿಡಿ ಹಾಕಿದರು. ಒಬ್ಬ ಮಾಲೀಕರು, "ನಿಮ್ಮ ಚೀಲದ ನೆಪದಲ್ಲಿ ನನ್ನ ಕಾಫಿ ಹೋಗುತ್ತದೆ" ಎಂದರು. ಆ ಮಾತು ಕೆಲಸಗಾರರ ಕಿವಿಗೂ ಬಿತ್ತು, ಅವರಿಗಾದ ಅವಮಾನ ನನ್ನನ್ನು ಇಂದಿಗೂ ಚುಚ್ಚುತ್ತದೆ. ಅಂದಿನಿಂದ ತೋಟವಿಲ್ಲದವರಿಂದ ಕಾಫಿ ತೆಗೆದುಕೊಳ್ಳುವುದಿಲ್ಲ ಎಂದು ನಿಯಮ ಮಾಡಿ ಗಾಳಿಯಲ್ಲೇ ಹೇಳಿದೆವು. ಅವರು ದನಿ ಕೊಡುತ್ತಾರೆ. ಭಾನುವಾರ ಸಂಜೆಯ ಒಂದು ಗಂಟೆ ಯರವ ಮತ್ತು ಜೇನುಕುರುಬ ಭಾಷೆಯವರದು, ನಡೆಸುವವರೂ ಅವರೇ.

2022ರಲ್ಲಿ 50 ಕಿಲೋ ರೋಬಸ್ಟಾ ಚೆರ್ರಿ ಚೀಲಕ್ಕೆ ನಾಲ್ಕು ಸಾವಿರದ ಆಸುಪಾಸು ಇತ್ತು, 2024ರ ಬೇಸಿಗೆಗೆ ಹತ್ತು ಸಾವಿರ ಮುಟ್ಟಿತು. ಆ ಸುಗ್ಗಿಯಲ್ಲಿ ನಮಗೆ 63 ಚೀಲ ಬಂದಿತ್ತು. ಅರ್ಧವನ್ನು ಫೆಬ್ರುವರಿಯಲ್ಲಿ ಮಾರಿ ಉಳಿದದ್ದನ್ನು ಇಟ್ಟುಕೊಂಡೆ. ಟ್ರಸ್ಟಿನಲ್ಲಿ ಬೈದರು. ಕೊನೆಗೆ ಐದೂವರೆ ಲಕ್ಷದಷ್ಟು ಕೈಗೆ ಬಂತು, ವರ್ಷದ ಖರ್ಚಿನ ಅರ್ಧಕ್ಕಿಂತ ಹೆಚ್ಚು. ಬೆಲೆಯ ಭಾಗ್ಯವೂ ಇದೆ, ಒಪ್ಪುತ್ತೇನೆ. ಆದರೆ ಚೀಲ ಹನ್ನೊಂದರಿಂದ 63ಕ್ಕೆ ಏರಿದ್ದು ಬೆಲೆಯಿಂದಲ್ಲ, ಬೆಲೆ ಏರಿದಾಗ ಕೈ ಬಿಗಿಯಾಗಬೇಕಿತ್ತು. ಯಾವ ಊರಿನಲ್ಲಿ ಮೊದಲ ಚೀಲವನ್ನು ಯಾರ ಜಗಲಿಯಲ್ಲಿ ತೂಗುಹಾಕಬೇಕು, ಯಾವ ವಾರ ಮಾರಬೇಕು ಎಂಬ ಎರಡು ಲೆಕ್ಕಗಳನ್ನು ಇಲ್ಲಿ ಬರೆಯುವುದಿಲ್ಲ. ಅದಕ್ಕೆ ನಾಲ್ಕು ವರ್ಷ ತೆತ್ತಿದ್ದೇನೆ. ಒಂದು ಎಚ್ಚರಿಕೆ ಮಾತ್ರ ಹೇಳುತ್ತೇನೆ: ವಸ್ತುರೂಪದ ದಾನಕ್ಕೆ ದಾನಿಗೆ ಆದಾಯ ತೆರಿಗೆ ವಿನಾಯಿತಿ ಸಿಗುವುದಿಲ್ಲ, ರಸೀದಿ ಕೇಳಿದವರಿಗೆ ಇದನ್ನು ಮೊದಲೇ ತಿಳಿಸಿ. ತೂಕದ ಚೀಟಿಯನ್ನೂ ಮಾರಾಟದ ಬಿಲ್ಲನ್ನೂ ಒಟ್ಟಿಗೆ ಪಿನ್ ಮಾಡಿ ಇಡದಿದ್ದರೆ ಲೆಕ್ಕಪರಿಶೋಧಕರು ಬಿಡುವುದಿಲ್ಲ.

ನಡುವೆ ಬೇರೆ ಪ್ರಯೋಗಗಳನ್ನೂ ಮಾಡಿದೆ. ಆನೆ ಎಲ್ಲಿದೆ ಎಂದು ಬೆಳಿಗ್ಗೆ ಹೇಳುವ ಕಾರ್ಯಕ್ರಮ ಎರಡು ತಿಂಗಳಲ್ಲಿ ನಿಂತಿತು. ನಾವು ಓದುವ ಹೊತ್ತಿಗೆ ಆನೆ ಮೂರು ತೋಟ ದಾಟಿರುತ್ತಿತ್ತು, ಹಳೆಯ ಮಾಹಿತಿ ನಂಬಿ ಯಾರಾದರೂ ಕಾಲಿಟ್ಟರೆ ಪ್ರಾಣಕ್ಕೇ ಅಪಾಯ. ಹಲವು ಹೊಸ ಮೊಬೈಲುಗಳಲ್ಲಿ ಎಫ್‌ಎಂ ಇಲ್ಲ ಎಂದು ಅರವತ್ತು ಸಣ್ಣ ರೇಡಿಯೋ ಹಂಚಿದೆವು. ಆರು ತಿಂಗಳಾದ ಮೇಲೆ ಎಣಿಸಿದರೆ ಇಪ್ಪತ್ತೆರಡು ನಡೆಯುತ್ತಿದ್ದವು. ದುಡಿ ಕೊಟ್ಟ್ ಪಾಟ್ (ದುಡಿ ಎಂಬ ಪುಟ್ಟ ಚರ್ಮವಾದ್ಯ ಬಾರಿಸುತ್ತ ಹಾಡುವ ಕೊಡವ ಹಾಡು) ಧ್ವನಿಮುದ್ರಣ ಮಾತ್ರ ಗೆದ್ದಿತು. ದುಡಿಯ ಪೆಟ್ಟಿಗೆ ಮೈಕು ಒಡೆದ ಸದ್ದು ಕೊಡುತ್ತಿತ್ತು. ಹಾಡುವವರನ್ನು ಅರ್ಧವೃತ್ತದಲ್ಲಿ ಕೂರಿಸಿ, ಮೈಕನ್ನು ಅವರ ತಲೆಗಿಂತ ಎತ್ತರಕ್ಕೆ, ಏಳಡಿ ದೂರ ಇಟ್ಟ ಮೇಲೆ ಸರಿಯಾಯಿತು.

ಸಿಡಿಲಿನ ಬಗ್ಗೆ ಹೇಳದಿದ್ದರೆ ನಮ್ಮ ಎಂಜಿನಿಯರ್ ಹುಡುಗ ಬೇಸರಿಸಿಕೊಳ್ಳುತ್ತಾನೆ. 2022ರ ಏಪ್ರಿಲಿನಲ್ಲಿ ಒಂದೇ ಸಿಡಿಲಿಗೆ ಟ್ರಾನ್ಸ್‌ಮಿಟರ್, ಮಿಕ್ಸರ್ ಎರಡೂ ಹೋದವು. ಒಂದು ಲಕ್ಷದ ನಲವತ್ತು ಸಾವಿರ ನಷ್ಟ. ಅರ್ತಿಂಗ್ ಗುಂಡಿ ಬಂಡೆಯ ಮೇಲೆ ಕುಳಿತಿತ್ತು. ಇಪ್ಪತ್ತೈದು ಅಡಿ ಕೆಳಗೆ, ಸದಾ ತೇವವಿರುವ ಗದ್ದೆಯ ಅಂಚಿಗೆ ತಾಮ್ರದ ಪಟ್ಟಿ ಎಳೆದು ಎರಡು ಹೊಸ ಗುಂಡಿ ತೋಡಿದೆವು. ಆಮೇಲೆ ಏನೂ ಆಗಿಲ್ಲ. ಆ ವರ್ಷದ ಮಳೆಗಾಲದಲ್ಲಿ ವಿಎಸ್‌ಡಬ್ಲ್ಯೂಆರ್ (ಆಂಟೆನಾಗೆ ಹೋಗದೆ ಹಿಂದಕ್ಕೆ ಮರಳುವ ಶಕ್ತಿಯನ್ನು ತೋರಿಸುವ ಅಳತೆ) 1.2ರಿಂದ 2.8ಕ್ಕೆ ಏರಿತು. ಗೋಪುರ ಹತ್ತಿ ಕನೆಕ್ಟರ್ ಬಿಚ್ಚಿದರೆ ಒಳಗಿನಿಂದ ಅರ್ಧ ಚಮಚ ನೀರು ಸುರಿಯಿತು. ಈಗ ಮೇ ಕೊನೆಯ ವಾರ ಎಲ್ಲವನ್ನೂ ಬಿಚ್ಚಿ, ಒರೆಸಿ, ರಬ್ಬರ್ ಟೇಪನ್ನು ಕೆಳಗಿನಿಂದ ಮೇಲಕ್ಕೆ ಸುತ್ತುತ್ತೇವೆ, ಸುತ್ತಿನ ಅಂಚು ಹಂಚಿನ ಮಾಡಿನಂತೆ ಕೆಳಮುಖವಾಗಿರಬೇಕು.

ಚೀಲಗಳಿಂದ ಎಣಿಸದ ಲಾಭವೊಂದು ಸಿಕ್ಕಿತು. ಇಡಲು ಬೇರೆ ಜಾಗವಿಲ್ಲದೆ ಅವುಗಳನ್ನು ಧ್ವನಿಮುದ್ರಣದ ಕೋಣೆಯ ಮೂರು ಗೋಡೆಗೆ ಒತ್ತಿ, ಹಲಗೆಯ ಮೇಲೆ ಎದೆಮಟ್ಟಕ್ಕೆ ಜೋಡಿಸಿದ್ದೆವು. ಆ ವಾರದ ದನಿಗಳನ್ನು ಕೇಳಿದರೆ ಮಾರ್ದನಿಯೇ ಇಲ್ಲ, ಪಕ್ಕದಲ್ಲೇ ಕುಳಿತು ಮಾತನಾಡಿದ ಹಾಗೆ. ಫೋಮ್ ಹೊದಿಸಲು ಒಬ್ಬರು ಎರಡು ಲಕ್ಷ ಹೇಳಿದ್ದರು. ಮೇ ತಿಂಗಳಲ್ಲಿ ಲಾರಿ ಬಂದು ಚೀಲಗಳು ಹೋದ ಮೇಲೆ ಕೋಣೆ ಮತ್ತೆ ಗುಂಯ್‌ಗುಡುತ್ತದೆ. ಈ ವರ್ಷ 71 ಚೀಲ ಮಾರಿದ ಮರುದಿನವೇ ಹಳೆಯ ಗೋಣಿಗಳಿಗೆ ತೆಂಗಿನ ನಾರು ತುಂಬಿಸಿ ಅದೇ ಜಾಗದಲ್ಲಿ ಒಟ್ಟಿದ್ದೇನೆ. ಕಾಫಿಯಷ್ಟು ಚೆನ್ನಾಗಿ ದನಿ ಹೀರುವುದಿಲ್ಲ. ಅರ್ಧಕ್ಕೆ ಭತ್ತದ ಹೊಟ್ಟು ತುಂಬಿ ನೋಡಬೇಕೆಂದಿದ್ದೇನೆ, ಗಿರಣಿಯವರು ಸೋಮವಾರ ಕಳುಹಿಸುತ್ತಾರೆ.