ಮನೆ ಹೊತ್ತ ಗಾಡಿಗೆ ಶಾಕಬ್ಸರ್: ಆರಿಸೋದು ಹೇಗೆ, ಹದ ಮಾಡೋದು ಹೇಗೆ?

ಆಲ್ದೂರು ದಾಟಿ ತೋಟದ ರಸ್ತೆಗೆ ಇಳಿದು ಎರಡು ಕಿಲೋಮೀಟರ್ ಕೂಡ ಆಗಿರಲಿಲ್ಲ. ಹಿಂದಿನ ಎಡಚಕ್ರದ ಕಡೆಯಿಂದ 'ಟಣ್' ಅಂತ ಒಂದು ಸದ್ದು. ಆಮೇಲೆ ಗುಂಡಿಗೊಂದು ಟಣ್. ಇಳಿದು ಬಗ್ಗಿ ನೋಡಿದರೆ ಶಾಕಬ್ಸರಿನ ಕೆಳಗಿನ ಕಣ್ಣು (ಬೋಲ್ಟ್ ಕೂರುವ ಬಳೆ) ಹರಿದು, ಕೊಳವೆ ಜೋತುಬಿದ್ದಿತ್ತು. ಒಳಗೆ ಕುಕ್ಕರ್, ಒಲೆ, ಮಗಳ ಪುಸ್ತಕ, ಹಾಸಿಗೆ ಎಲ್ಲಾ ಒಂದೇ ರಾಶಿ.

ತಪ್ಪು ರಸ್ತೆಯದ್ದಲ್ಲ. ಎರಡು ವಾರದ ಹಿಂದೆ ಒಂದು ಗ್ಯಾರೇಜಿನಲ್ಲಿ, 'ಗಾಡಿ ಹಿಂದೆ ಕೂತಿದೆ ಸಾರ್, ಎರಡು ಪ್ಲೇಟ್ ಹಾಕಿದ್ರೆ ಎದ್ದು ನಿಲ್ಲುತ್ತೆ' ಅಂದಿದ್ದರು. ಪ್ಲೇಟ್ ಅಂದರೆ ಸ್ಪ್ರಿಂಗಿನ ಉಕ್ಕಿನ ಪಟ್ಟಿ. ನಾನೂ ಹೂಂ ಅಂದೆ. ಗಾಡಿ ಎದ್ದು ನಿಂತಿತು. ಶಾಕಬ್ಸರ್ ಮಾತ್ರ ಹಳೆಯದೇ, ಹಳೇ ಉದ್ದದ್ದೇ. ಚಕ್ರ ಗುಂಡಿಗೆ ಇಳಿದಾಗೆಲ್ಲ ಅದು ಪೂರ್ತಿ ಎಳೆದುಕೊಂಡು, ಆಕ್ಸಲ್ ಭಾರವನ್ನು ಹಗ್ಗದ ಹಾಗೆ ಹಿಡಿದು ನಿಲ್ಲುತ್ತಿತ್ತು. ಎಷ್ಟು ದಿನ ಹಿಡಿದೀತು?

ಈಗ ನಮ್ಮ ಕಡೆ ಪಿಕಪ್ಪಿನ ಬೆನ್ನಿಗೆ ಪೆಟ್ಟಿಗೆ ಮನೆ ಕಟ್ಟಿಸಿಕೊಳ್ಳುವವರು ಸಿಗುತ್ತಾರೆ. ಇಸುಜು ವಿ-ಕ್ರಾಸ್, ಬೊಲೆರೊ ಕ್ಯಾಂಪರ್ ಹೀಗೆ ಫೋರ್ ವೀಲ್ ಡ್ರೈವ್ ಗಾಡಿಗಳೇ ಬೇಕು. ಹೊರದೇಶದಲ್ಲಿ ಇದೇ ಕೆಲಸಕ್ಕೆ ಮರ್ಸಿಡಿಸ್ ಸ್ಪ್ರಿಂಟರ್, ಇವೆಕೊ ಡೈಲಿ ವ್ಯಾನುಗಳು. ಗಾಡಿ ಯಾವುದಾದರೂ ಕಷ್ಟ ಒಂದೇ. ಭಾರ ಜಾಸ್ತಿ, ಎತ್ತರ ಜಾಸ್ತಿ, ಭಾರ ಇಳಿಯುವ ದಿನವೇ ಇಲ್ಲ.

ಹೊರುವವನು ಬೇರೆ, ಹಿಡಿಯುವವನು ಬೇರೆ

ಭಾರ ಹೊರುವುದು ಸ್ಪ್ರಿಂಗ್. ಪ್ಲೇಟ್ ಇರಬಹುದು, ಸುರುಳಿಯ ಕಾಯಿಲ್ ಇರಬಹುದು. ಶಾಕಬ್ಸರ್ ಭಾರ ಹೊರುವುದಿಲ್ಲ. ಸ್ಪ್ರಿಂಗ್ ಕುಣಿಯುವಾಗ ಆ ಕುಣಿತವನ್ನು ಹಿಡಿದು ನಿಲ್ಲಿಸುವುದಷ್ಟೇ ಅದರ ಕೆಲಸ. ಒಳಗಿನ ಎಣ್ಣೆ ಸಣ್ಣ ತೂತುಗಳಲ್ಲಿ ನುಗ್ಗಿ ಬಿಸಿಯಾಗುತ್ತದೆ. ಕುಣಿತದ ಶಕ್ತಿ ಆ ಬಿಸಿಯಾಗಿ ಗಾಳಿಗೆ ಹೋಗುತ್ತದೆ. ಗಾಡಿ ಕೂತಿದೆ ಅಂತ ಶಾಕಬ್ಸರ್ ಬದಲಿಸುವವರು, ಗಾಡಿ ಕುಣಿಯುತ್ತದೆ ಅಂತ ಪ್ಲೇಟ್ ಸೇರಿಸುವವರು ಇಬ್ಬರೂ ದುಡ್ಡು ಕಳೆದುಕೊಳ್ಳುತ್ತಾರೆ. ನಾನು ಎರಡೂ ಮಾಡಿ ನೋಡಿದ್ದೇನೆ.

ಮೊದಲು ವೇಬ್ರಿಡ್ಜ್

ಅಂಗಡಿಗೆ ಹೋಗುವ ಮುಂಚೆ ತೂಕ ಮಾಡಿಸಿ. ನೀರಿನ ಟ್ಯಾಂಕ್, ಡೀಸೆಲ್, ಗ್ಯಾಸ್ ಎಲ್ಲಾ ತುಂಬಿ, ಪ್ರಯಾಣಕ್ಕೆ ಹೊರಡುವ ದಿನ ಹೇಗಿರುತ್ತದೋ ಹಾಗೆ. ಮನೆಯವರೂ ಒಳಗೇ ಕೂತಿರಲಿ. ನಾನು ಕಾಫಿ ಮೂಟೆ ಲಾರಿಗಳ ಹಿಂದೆ ಸಾಲಿನಲ್ಲಿ ನಿಂತಿದ್ದೆ. 'ಏನ್ ಸಾರ್ ಲೋಡು?' ಅಂದ ವೇಬ್ರಿಡ್ಜಿನ ಹುಡುಗ. 'ಮನೆ' ಅಂದೆ. ಚೀಟಿಯಲ್ಲಿ ಏನು ಬರೆಯುವುದು ಅಂತ ಅವನಿಗೆ ತಲೆನೋವಾಯಿತು.

ಮೂರು ಸಲ ತೂಗಿಸಬೇಕು. ಮುಂದಿನ ಚಕ್ರ ಮಾತ್ರ ಮೇಲೆ, ಆಮೇಲೆ ಪೂರ್ತಿ ಗಾಡಿ, ಆಮೇಲೆ ಹಿಂದಿನ ಚಕ್ರ ಮಾತ್ರ. ನಮ್ಮದು ಮುಂದೆ 1,210 ಕೆಜಿ, ಹಿಂದೆ 1,630 ಕೆಜಿ ಬಂತು. ಪೆಟ್ಟಿಗೆ ಕೂರಿಸುವ ಮುಂಚೆ ಹಿಂದೆ ಇದ್ದದ್ದು 1,020. ಅಂದರೆ 610 ಕೆಜಿ ರಾತ್ರಿ ಹಗಲು ಹಿಂದೆಯೇ ಕೂತಿದೆ. 100 ಲೀಟರ್ ನೀರೇ 100 ಕೆಜಿ ಅಲ್ವಾ! ಒಂದು ಪಕ್ಕದ ಎರಡು ಚಕ್ರ ಮಾತ್ರ ಹತ್ತಿಸಿಯೂ ನೋಡಿ. ಟ್ಯಾಂಕ್, ಅಡುಗೆಕಟ್ಟೆ, ಬ್ಯಾಟರಿ ಎಲ್ಲಾ ಒಂದೇ ಕಡೆ ಇದ್ದರೆ ಗಾಡಿ ವಾಲುತ್ತದೆ. ಅದಕ್ಕೆ ಮದ್ದು ಸ್ಪ್ರಿಂಗ್ ಅಲ್ಲ, ಸಾಮಾನು ಆ ಕಡೆಯಿಂದ ಈ ಕಡೆಗೆ ಇಡುವುದು.

ಒಟ್ಟು ತೂಕವನ್ನು ಆರ್‌ಸಿಯಲ್ಲಿರುವ ಮಿತಿಯ ಜೊತೆ ಹೋಲಿಸಿ. ಮೀರಿದ್ದರೆ ಅಲ್ಲೇ ನಿಲ್ಲಿಸಿ, ಸಾಮಾನು ಇಳಿಸಿ. ಗಟ್ಟಿ ಸ್ಪ್ರಿಂಗ್ ಹಾಕಿದ ಮಾತ್ರಕ್ಕೆ ಆ ಮಿತಿ ಏರುವುದಿಲ್ಲ. ಆಕ್ಸಲ್, ಬೇರಿಂಗ್, ಬ್ರೇಕ್ ಹಳೆಯವೇ ಇರುತ್ತವೆ. ಟೈರಿನ ಪಕ್ಕದಲ್ಲಿ ಬರೆದಿರುವ ಲೋಡ್ ಇಂಡೆಕ್ಸ್ ಅಂಕಿಯನ್ನೂ ನೋಡಿ. 112 ಅಂದರೆ ಒಂದು ಟೈರ್ 1,120 ಕೆಜಿ ಹೊರಬಹುದು, 120 ಅಂದರೆ 1,400. ಗಾಡಿಯ ಮೂಲ ರೂಪ ಬದಲಿಸುವುದಕ್ಕೆ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52 ಅಡ್ಡ ಬರುತ್ತದೆ. ಹಾಗಾಗಿ ಪೆಟ್ಟಿಗೆ ಮನೆಯ ಕಾಗದಪತ್ರವನ್ನು ಆರ್‌ಟಿಒ ಕಚೇರಿಯಲ್ಲಿ ಮೊದಲೇ ಸರಿಮಾಡಿಸಿಕೊಳ್ಳಿ.

ಟೇಪ್ ಹಿಡಿದು ಬಗ್ಗಿ

ಸಮತಟ್ಟಾದ ಜಾಗದಲ್ಲಿ ಗಾಡಿ ನಿಲ್ಲಿಸಿ, ಚಕ್ರದ ನಡುಬಿಂದುವಿನಿಂದ ಮೇಲಿನ ಮಡ್‌ಗಾರ್ಡ್ ಅಂಚಿನವರೆಗೆ ಅಳೆಯಿರಿ. ನೆಲದಿಂದ ಅಳೆದರೆ ಟೈರಿನ ಗಾಳಿ ಲೆಕ್ಕ ಕೆಡಿಸುತ್ತದೆ. ನಾಲ್ಕೂ ಕಡೆ ಅಳೆದು ಬರೆದಿಡಿ.

ಈಗ ಒಂದು ಸಣ್ಣ ಲೆಕ್ಕ. ನಮ್ಮ ಗಾಡಿ 610 ಕೆಜಿಗೆ ಹಿಂದೆ ಸುಮಾರು 10 ಸೆಂ.ಮೀ. ಕೂತಿತ್ತು. ಸೆಂ.ಮೀ.ಗೆ 61 ಕೆಜಿ, ಒಂದೊಂದು ಪ್ಲೇಟ್ ಸೆಟ್ಟಿಗೆ ಸುಮಾರು 30. ಆಕ್ಸಲ್ ಮೇಲೆದ್ದು ಚಾಸಿಗೆ (ಗಾಡಿಯ ಅಡಿಚೌಕಟ್ಟಿಗೆ) ಗುದ್ದದ ಹಾಗೆ ತಡೆಯುವ ಬಂಪ್ ಸ್ಟಾಪ್ ರಬ್ಬರಿಗೂ ಆಕ್ಸಲಿಗೂ ನಡುವೆ ಎರಡು ಬೆರಳು ತೂರಿಸುವಷ್ಟು ಜಾಗ ಮಾತ್ರ ಉಳಿದಿತ್ತು. ಹಂಪ್ ಬಂದರೆ ನೇರ ರಬ್ಬರಿಗೇ ಗುದ್ದು.

ಲಾರಿಯಾದರೆ ಲೋಡ್ ಇಳಿಸಿ ಖಾಲಿ ಬರುತ್ತದೆ. ಅದಕ್ಕೆ ಮೇಲೆ ಹೆಲ್ಪರ್ ಪ್ಲೇಟ್ ಇಟ್ಟು, ಭಾರ ಬಿದ್ದಾಗ ಮಾತ್ರ ಅದು ಕೆಲಸಕ್ಕೆ ಬರುವ ಹಾಗೆ ಮಾಡಿರುತ್ತಾರೆ. ನಮ್ಮ ಗಾಡಿ ಖಾಲಿಯಾಗುವ ದಿನವೇ ಇಲ್ಲ. ಆದ್ದರಿಂದ 'ಸದಾ ಇರುವ ಭಾರ' ಎಷ್ಟು ಅನ್ನುವುದಕ್ಕೆ ಸರಿಯಾಗಿಯೇ ಸ್ಪ್ರಿಂಗ್ ಕೇಳಬೇಕು. ಓಲ್ಡ್ ಮ್ಯಾನ್ ಎಮು, ಐರನ್‌ಮ್ಯಾನ್ ಥರದ ಆಸ್ಟ್ರೇಲಿಯಾದ ಕಿಟ್‌ಗಳಲ್ಲಿ ಭಾರಕ್ಕೆ ತಕ್ಕ ಸ್ಪ್ರಿಂಗ್ ಬೇರೆ ಬೇರೆ ಇರುತ್ತದೆ. ಜಾಸ್ತಿ ಭಾರದ್ದೇ ಇರಲಿ ಅಂತ ತರಬೇಡಿ. ಬೇಕಾದ್ದಕ್ಕಿಂತ ಗಟ್ಟಿಯಾದರೆ ಚಕ್ರ ಗುಂಡಿಗೆ ಇಳಿಯುವುದೇ ಇಲ್ಲ, ಗಾಡಿ ಹಾರುತ್ತದೆ. ತೋಟದ ಇಳಿಜಾರಿನಲ್ಲಿ ಒಂದು ಚಕ್ರ ನೆಲ ಬಿಟ್ಟರೆ ಫೋರ್ ವೀಲ್ ಡ್ರೈವ್ ಇದ್ದೂ ಇಲ್ಲದ ಹಾಗೆ.

ಕಿಟ್ಟೇ ಬೇಕು ಅಂತಿಲ್ಲ. ಹ್ಯಾಂಡ್‌ಪೋಸ್ಟ್ ಕಡೆಯ ಒಬ್ಬ ಪ್ಲೇಟ್ ಮೇಸ್ತ್ರಿ ನಮ್ಮ ಗಾಡಿ ಕೆಳಗೆ ಒಂದು ಸಲ ತೂರಿ ಹೊರಬಂದು, 'ಸಾರ್, ಇದು ಹೊಟ್ಟೆ ತುಂಬಾ ಉಂಡಿದೆ. ಹಲ್ಲು ಸೇರಿಸಿದ್ರೆ ಏನ್ ಬಂತು?' ಅಂದರು. ಸೇರಿಸಿದ್ದ ಎರಡರಲ್ಲಿ ಒಂದು ಪ್ಲೇಟ್ ತೆಗೆದರು. ಉಳಿದವಕ್ಕೆ ಕಮಾನು ಹೊಡೆದು, ಪ್ಲೇಟಿನ ನಡುವಿನ ತುಕ್ಕು ಉಜ್ಜಿ, ತುದಿಗೆ ನೈಲಾನ್ ತುಂಡು ಇಟ್ಟು ಕೂರಿಸಿದರು. ಪ್ಲೇಟ್ ಮೇಲೆ ಪ್ಲೇಟ್ ತುಕ್ಕು ಹಿಡಿದು ಉಜ್ಜಿಕೊಳ್ಳುವುದೂ ಒಂದು ಥರ ಕೆಟ್ಟ ಶಾಕಬ್ಸರೇ. ಸಣ್ಣ ಗುಂಡಿಗೆ ಬಿಗಿ, ದೊಡ್ಡ ಗುಂಡಿಗೆ ಸಡಿಲ. ಪ್ಯಾರಾಬೋಲಿಕ್ ಪ್ಲೇಟಿನಲ್ಲಿ ಈ ತೊಂದರೆ ಕಡಿಮೆ. ನಡುವೆ ದಪ್ಪ, ತುದಿಗೆ ತೆಳು, ಪ್ಲೇಟಿಗೂ ಪ್ಲೇಟಿಗೂ ಮಧ್ಯೆ ಸಂದು ಇರುತ್ತದೆ.

ಗಾಳಿಚೀಲದ ಬಗ್ಗೆ ಒಂದು ಮಾತು. ಆಕ್ಸಲಿಗೂ ಚಾಸಿಗೂ ನಡುವೆ ಏರ್ ಬ್ಯಾಗ್ ಇಟ್ಟು ಗಾಳಿ ಹಾಕಿದರೆ ಹಿಂಭಾಗ ಸುಲಭವಾಗಿ ಏಳುತ್ತದೆ, ನಿಜ. ಪ್ಲೇಟ್ ಆದರೆ ಭಾರವನ್ನು ಚಾಸಿಯ ಎರಡು ತುದಿಗೆ ಹಂಚುತ್ತದೆ. ಗಾಳಿಚೀಲ ಅದನ್ನು ಮಧ್ಯದ ಒಂದೇ ಬಿಂದುವಿಗೆ ತರುತ್ತದೆ. ಹಿಂದೆ ಉದ್ದಕ್ಕೆ ಚಾಚಿದ ಭಾರದ ಪೆಟ್ಟಿಗೆ ಇದ್ದರೆ ಚಾಸಿ ಆ ಬಿಂದುವಿನಲ್ಲೇ ಬಗ್ಗಬಹುದು. ಸಣ್ಣ ತಿದ್ದುಪಡಿಗೆ ಸರಿ, ಸೋತ ಸ್ಪ್ರಿಂಗ್ ಮುಚ್ಚಿಡುವುದಕ್ಕೆ ಬೇಡ.

ಶಾಕಬ್ಸರ್: ಮೊದಲು ಉದ್ದ, ಆಮೇಲೆ ಹೆಸರು

ಹೊಸ ಎತ್ತರದಲ್ಲಿ ಗಾಡಿ ನಿಂತ ಮೇಲೆ ಹಳೇ ಶಾಕಬ್ಸರ್ ಬಿಚ್ಚಿಡಿ. ಚಾಸಿ ಎತ್ತಿ ಚಕ್ರ ಜೋತುಬಿಡಿಸಿ, ಮೇಲಿನ ಬೋಲ್ಟಿನಿಂದ ಕೆಳಗಿನ ಬೋಲ್ಟಿಗೆ ಅಳೆಯಿರಿ. ಹೊಸ ಶಾಕಬ್ಸರ್ ಎಳೆದಾಗ ಅದಕ್ಕಿಂತ ಸ್ವಲ್ಪ ಉದ್ದ ಇರಬೇಕು. ಆಮೇಲೆ ಆಕ್ಸಲ್ ಬಂಪ್ ಸ್ಟಾಪಿಗೆ ಒತ್ತಿಕೊಂಡಾಗಿನ ಅಳತೆ. ರಬ್ಬರ್ ಪೂರ್ತಿ ನುಜ್ಜಾದಾಗಲೂ ಶಾಕಬ್ಸರಿನಲ್ಲಿ ಎರಡು ಸೆಂ.ಮೀ. ಆದರೂ ಉಳಿದಿರಲಿ. ಇದೊಂದು ಅಳತೆ ಮಾಡಿದ್ದರೆ ಆಲ್ದೂರಿನ ಕಥೆ ನಡೆಯುತ್ತಲೇ ಇರಲಿಲ್ಲ.

ತಡೆ ಎಷ್ಟಿರಬೇಕು? ಸ್ಪ್ರಿಂಗ್ ಗಟ್ಟಿಯಾದಷ್ಟೂ, ಭಾರ ಹೆಚ್ಚಿದಷ್ಟೂ ಶಾಕಬ್ಸರಿನ ಹಿಡಿತವೂ ಏರಬೇಕು. ಸ್ಪ್ರಿಂಗ್ 40% ಗಟ್ಟಿ, ಭಾರ 30% ಜಾಸ್ತಿ ಆಯಿತು ಅಂದುಕೊಳ್ಳಿ. 1.4 ಅನ್ನು 1.3ರಿಂದ ಗುಣಿಸಿ ವರ್ಗಮೂಲ ತೆಗೆದರೆ 1.35. ಹಿಡಿತ ಸುಮಾರು 35% ಹೆಚ್ಚು ಬೇಕು. ಕಂಪನಿ ಕೊಟ್ಟ ಶಾಕಬ್ಸರ್ ಹೊಸದಾಗಿದ್ದರೂ ಸೋಲುವುದು ಇದಕ್ಕೇ.

ಒಳಗಿನ ರಚನೆಯಲ್ಲಿ ಎರಡು ಜಾತಿ. ಒಂದು ಕೊಳವೆಯೊಳಗೆ ಇನ್ನೊಂದು ಕೊಳವೆ ಇರುವ ಟ್ವಿನ್ ಟ್ಯೂಬ್. ಒಂದೇ ಕೊಳವೆಯಲ್ಲಿ ಒತ್ತಡದ ನೈಟ್ರೋಜನ್ ಇರುವ ಮಾನೊ ಟ್ಯೂಬ್. ಮಾನೊ ಟ್ಯೂಬ್ ಬೇಗ ತಣಿಯುತ್ತದೆ, ಎಣ್ಣೆ ನೊರೆಗಟ್ಟುವುದಿಲ್ಲ. ಆದರೆ ಹೊರಗೋಡೆಯೇ ಪಿಸ್ಟನ್ ಓಡಾಡುವ ಗೋಡೆ. ತೋಟದ ರಸ್ತೆಯ ಜಲ್ಲಿಕಲ್ಲು ಹಾರಿ ತಗ್ಗು ಬಿದ್ದರೆ ಪಿಸ್ಟನ್ ಅಲ್ಲೇ ಸಿಕ್ಕಿಕೊಳ್ಳುತ್ತದೆ. ನನ್ನ ಮಟ್ಟಿಗೆ ನಮ್ಮ ಮಲೆನಾಡಿಗೆ ದಪ್ಪ ಟ್ವಿನ್ ಟ್ಯೂಬೇ ಸರಿ, ಅದರಲ್ಲೂ ಗ್ಯಾಸಿನ ಬದಲು ಫೋಮ್ ಇಟ್ಟಿರುವ ಫೋಮ್ ಸೆಲ್. ದಪ್ಪ ಇದ್ದಷ್ಟೂ ಎಣ್ಣೆ ಜಾಸ್ತಿ, ಬಿಸಿ ತಡೆಯುವ ಶಕ್ತಿ ಜಾಸ್ತಿ. ಪಕ್ಕದಲ್ಲಿ ಬೇರೆ ಡಬ್ಬಿ ತೂಗುಬಿಟ್ಟಿರುವ ರಿಮೋಟ್ ರಿಸರ್ವಾಯರ್ ನೋಡಲು ಚೆಂದ. ಮರಳುಗಾಡಿನಲ್ಲಿ ಗಂಟೆಗಟ್ಟಲೆ ಓಡಿಸುವವರಿಗೆ ಬೇಕು. ಕಳಸ, ಹೊರನಾಡಿಗೆ ಹೋಗಿಬರುವವರಿಗೆ ಸುಮ್ನೆ ಖರ್ಚು.

ಹದ ಮಾಡಬಹುದಾದ ಶಾಕಬ್ಸರ್ ಸಿಕ್ಕರೆ ಒಳ್ಳೆಯದು. ಟಫ್ ಡಾಗ್‌ನಲ್ಲಿ 9 ಹಂತದ ತಿರುಗಿಸುವ ಗುಬ್ಬಿ (ನಾಬ್) ಇರುವ ಮಾದರಿ ಇದೆ. ಕೋನಿಯ ಕೆಲವನ್ನು ಗಾಡಿಯಿಂದ ಬಿಚ್ಚಿ, ಪೂರ್ತಿ ಒತ್ತಿ ತಿರುಗಿಸಬೇಕು. ಪದೇ ಪದೇ ಬದಲಿಸುವವರಿಗೆ ಅದು ರಗಳೆ.

ಕೂರಿಸುವಾಗ ಮರೆಯುವ ನಾಲ್ಕು

ಪ್ಲೇಟನ್ನು ಆಕ್ಸಲಿಗೆ ಬಿಗಿಯುವ ಯು ಬೋಲ್ಟ್ ಹಳೆಯದು ಬೇಡ. ಒಮ್ಮೆ ಬಿಗಿಯಾಗಿ ಎಳೆದುಕೊಂಡದ್ದು ಎರಡನೇ ಸಲ ಸರಿ ಹಿಡಿಯುವುದಿಲ್ಲ.

ರಬ್ಬರ್ ಬುಷ್ ಇರುವ ಬೋಲ್ಟ್‌ಗಳನ್ನು ಗಾಡಿ ನೆಲದ ಮೇಲೆ ತನ್ನ ಭಾರದಲ್ಲಿ ನಿಂತ ಮೇಲೆಯೇ ಬಿಗಿ ಮಾಡಿ. ಚಕ್ರ ಜೋತುಬಿದ್ದಾಗ ಬಿಗಿದರೆ ಬುಷ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ.

ಕೆಲವು ಪಿಕಪ್‌ಗಳಲ್ಲಿ ಹಿಂದಿನ ಆಕ್ಸಲಿನಿಂದ ಬ್ರೇಕಿನ ಒಂದು ವಾಲ್ವಿಗೆ ಸಣ್ಣ ಸರಳು ಹೋಗಿರುತ್ತದೆ. ಹಿಂದೆ ಎಷ್ಟು ಕೂತಿದೆ ಅಂತ ನೋಡಿ ಹಿಂದಿನ ಬ್ರೇಕಿಗೆ ಒತ್ತಡ ಬಿಡುವುದು ಅದರ ಕೆಲಸ. ನೀವು ಹಿಂಭಾಗ ಎತ್ತಿದರೆ ಆ ವಾಲ್ವ್ 'ಗಾಡಿ ಖಾಲಿ' ಅಂದುಕೊಂಡು ಹಿಂದಿನ ಬ್ರೇಕ್ ಕಡಿಮೆ ಮಾಡುತ್ತದೆ. ತುಂಬಿದ ಗಾಡಿಯಲ್ಲಿ ಶಿರಾಡಿ ಇಳಿಯುವಾಗ ಇದು ಗೊತ್ತಾದರೆ ತಡವಾಗಿರುತ್ತದೆ. ಎತ್ತರ ಬದಲಿಸಿದ ಕೂಡಲೇ ಆ ಸರಳನ್ನು ಸರಿಹೊಂದಿಸಿ. ಬ್ರೇಕ್ ಪೈಪಿನ ಉದ್ದವನ್ನೂ ನೋಡಿ.

ಹೆಡ್‌ಲೈಟ್ ಕೋನ ಸರಿಮಾಡಿಸಿ. ಮಂಜಿನಲ್ಲಿ ಎದುರಿನವನ ಕಣ್ಣು ಕುಕ್ಕಬೇಡಿ.

ಹದ ಮಾಡುವ ದಿನ

ಒಂದೇ ರಸ್ತೆ, ಒಂದೇ ವೇಗ, ಒಂದೇ ಭಾರ. ನಾನು ಕೈಮರದಿಂದ ಅತ್ತಿಗುಂಡಿಯವರೆಗಿನ ಏರು ತಿರುವು, ಆಮೇಲೆ ಒಂದು ತೋಟದ ಕಲ್ಲುರಸ್ತೆ, ಕೊನೆಗೆ ಕಡೂರು ರಸ್ತೆಯಲ್ಲಿ ವೇಗದ ಓಟ ಇಟ್ಟುಕೊಂಡಿದ್ದೆ. ಮೊದಲು ಟೈರ್ ಗಾಳಿ ಸರಿಮಾಡಿ. ಗಾಳಿ ಜಾಸ್ತಿಯಾಗಿ ಕುಕ್ಕುವುದನ್ನು ಶಾಕಬ್ಸರ್ ತಲೆಗೆ ಕಟ್ಟಿ ಅರ್ಧ ದಿನ ಕಳೆದಿದ್ದೇನೆ.

ಗುಬ್ಬಿ ಅರ್ಧಕ್ಕೆ ಇಟ್ಟು ಶುರುಮಾಡಿ. ಒಂದು ಸಲಕ್ಕೆ ಒಂದೇ ಹಂತ, ಎಡ ಬಲ ಎರಡೂ ಸಮ. ಹಂಪ್ ದಾಟಿದ ಮೇಲೆ ಹಿಂಭಾಗ ಒಮ್ಮೆ ಎದ್ದು ಕೂತು ಸುಮ್ಮನಾಗಬೇಕು. ಎರಡು ಮೂರು ಸಲ ತೂಗಿದರೆ ರೀಬೌಂಡ್, ಅಂದರೆ ಶಾಕಬ್ಸರ್ ಎಳೆಯುವಾಗಿನ ತಡೆ ಸಾಲದು. ಇದಕ್ಕೆ ಉಲ್ಟಾ ಇನ್ನೊಂದು ಇದೆ, ಅದು ಮೋಸದ್ದು. ಸಾಲು ಗುಂಡಿಗಳಲ್ಲಿ ಮೊದಲ ಎರಡು ಮೂರು ಮೆತ್ತಗೆ ದಾಟಿ, ಆಮೇಲೆ ಗಾಡಿ ಕಲ್ಲಾಗುತ್ತದೆ. ರೀಬೌಂಡ್ ಅತಿಯಾಗಿದೆ. ಒತ್ತಿಕೊಂಡ ಸ್ಪ್ರಿಂಗ್ ಬಿಚ್ಚಿಕೊಳ್ಳುವಷ್ಟರಲ್ಲಿ ಮುಂದಿನ ಗುಂಡಿ ಬರುತ್ತದೆ, ಗಾಡಿ ಗುಂಡಿಗೊಂದಿಷ್ಟು ಕೆಳಗೆ ಕೂರುತ್ತಾ ರಬ್ಬರ್ ಮುಟ್ಟುತ್ತದೆ. ಇದನ್ನು 'ಸ್ಪ್ರಿಂಗ್ ಸಾಲದು' ಅಂತ ತಿಳಿದು ಮತ್ತೆ ಪ್ಲೇಟ್ ಹಾಕಿಸುವವರು ತುಂಬಾ ಜನ. ಎರಡು ಹಂತ ಸಡಿಲ ಮಾಡಿ ನೋಡಿ.

ಬಂಪ್ ಸ್ಟಾಪ್ ಮುಟ್ಟಿತೋ ಇಲ್ಲವೋ ಊಹೆ ಮಾಡಬೇಡಿ. ರಬ್ಬರಿನ ತುದಿಗೆ ಒಂದು ಬೆರಳು ಗ್ರೀಸ್ ಹಚ್ಚಿ ಹೊರಡಿ. ಬಂದು ನೋಡಿದಾಗ ಆಕ್ಸಲ್ ಮೇಲೆ ಗ್ರೀಸಿನ ಗುರುತು ಇದ್ದರೆ ಮುಟ್ಟಿದೆ. ದೊಡ್ಡ ಗುಂಡಿಗೆ ಒಂದೆರಡು ಸಲ ಮುಟ್ಟಿದರೆ ತಪ್ಪೇನಿಲ್ಲ, ಅದು ಇರುವುದೇ ಅದಕ್ಕೆ. ಹಂಪಿಗೆಲ್ಲ ಮುಟ್ಟಿದರೆ ಸ್ಪ್ರಿಂಗಿನ ಲೆಕ್ಕಕ್ಕೆ ವಾಪಸ್ ಹೋಗಿ.

ಕಲ್ಲುರಸ್ತೆ ಮುಗಿದ ತಕ್ಷಣ ಇಳಿದು, ನಾಲ್ಕೂ ಶಾಕಬ್ಸರಿನ ಹತ್ತಿರ ಕೈಯ ಹಿಂಭಾಗ ಒಯ್ದು ನೋಡಿ. ಮುಟ್ಟಬೇಡಿ, ಸುಡುತ್ತದೆ. ಬಿಸಿಯಾಗಿದ್ದರೆ ಕೆಲಸ ಮಾಡಿದೆ. ಮೂರು ಬಿಸಿ, ಒಂದು ತಣ್ಣಗಿದ್ದರೆ ಆ ತಣ್ಣಗಿರುವುದು ಸತ್ತಿದೆ. ಹೊರಗೆ ಒಂದು ತೊಟ್ಟು ಎಣ್ಣೆ ಸೋರದೆಯೂ ಸಾಯಬಹುದು. ಬಾನೆಟ್ ಒತ್ತಿ ಕುಣಿಸಿ ನೋಡುವ ಹಳೇ ಪರೀಕ್ಷೆಯಲ್ಲಿ ಇಷ್ಟು ಭಾರದ ಗಾಡಿ ಏನೂ ಹೇಳುವುದಿಲ್ಲ.

500 ಕಿ.ಮೀ. ಓಡಿದ ಮೇಲೆ ಯು ಬೋಲ್ಟ್ ಮತ್ತೊಮ್ಮೆ ಬಿಗಿ ಮಾಡಿಸಿ, ಎತ್ತರ ಮತ್ತೆ ಅಳೆಯಿರಿ. ಹೊಸ ಪ್ಲೇಟ್ ಸ್ವಲ್ಪ ಕೂರುತ್ತದೆ. ನಮ್ಮದು ಒಂದು ಸೆಂ.ಮೀ. ಕೂತು ನಿಂತಿತು. ಮಳೆಗಾಲದಲ್ಲಿ ಶಾಕಬ್ಸರಿನ ಕೋಲಿಗೆ ಮೆತ್ತಿದ ಕೆಸರು ಒಣಗುವ ಮುಂಚೆ ನೀರು ಬಿಡಿ, ಒಣಗಿದ ಕೆಸರು ಸೀಲನ್ನು ಉಪ್ಪುಕಾಗದದ ಹಾಗೆ ಉಜ್ಜುತ್ತದೆ. ಕಳೆದ ಸಲ ಚಾರ್ಮಾಡಿ ಇಳಿದು ಹತ್ತಿ ಬಂದು ಕೊಟ್ಟಿಗೆಹಾರದಲ್ಲಿ ನಿಲ್ಲಿಸಿ ಒಳಗೆ ಇಣುಕಿದೆ. ಕುಕ್ಕರ್ ಒಲೆಯ ಮೇಲೇ ಇತ್ತು.