ಬಾಯಲ್ಲಿ ಮರಿ ಹೊತ್ತ ಜಿಲೇಬಿ

ಗಂಗಾವತಿ ಕಡೆಯ ನಮ್ಮೂರ ಕೆರೆಯ ಮೀನು ಗುತ್ತಿಗೆ ನನ್ನದು. ಮೊದಲ ವರ್ಷ ಬಲೆ ಎಳೆದಾಗ ಬಂದದ್ದರಲ್ಲಿ ಮುಕ್ಕಾಲು ಪಾಲು ಅಂಗೈ ಅಗಲದ ಜಿಲೇಬಿಯೇ. ಗೆಂಡೆ, ಕೊರವ, ಚೇಳುಮೀನು ಎಲ್ಲಾ ಸೇರಿ ಒಂದು ಬುಟ್ಟಿ ತುಂಬಲಿಲ್ಲ.

ಜಿಲೇಬಿ ಅಂದರೆ ಆಫ್ರಿಕಾದ ತಿಲಾಪಿಯಾ. 1952ರಲ್ಲಿ ನಮ್ಮ ದೇಶಕ್ಕೆ ತಂದದ್ದು. ನಾನು ದೊಡ್ಡವನ್ನು ಮಾರಿ, ಸಣ್ಣವು ಬೆಳೆಯಲಿ ಎಂದು ವಾಪಸ್ ನೀರಿಗೆ ಬಿಟ್ಟೆ. ಎಂಥ ದಡ್ಡತನ! ಒಂದು ದಿನ ನಾಲ್ಕು ಬೆರಳುದ್ದದ ಹೆಣ್ಣೊಂದು ನನ್ನ ಕೈಯಲ್ಲೇ ಬಾಯಿ ತೆರೆದು ಸಾಸಿವೆಯಷ್ಟು ಮರಿಗಳನ್ನು ಉಗುಳಿತು. ತಾಯಿ ಮೊಟ್ಟೆ, ಮರಿಗಳನ್ನು ಬಾಯಲ್ಲೇ ಕಾಪಾಡುತ್ತದೆ. ಆ ಮರಿ ಎರಡು-ಮೂರು ತಿಂಗಳಿಗೇ ತಾನೇ ಮರಿ ಹಾಕುವಷ್ಟಾಗುತ್ತದೆ. ನಾನು ಬಿಟ್ಟದ್ದು ಬೀಜದ ಮೀನನ್ನೇ.

ಮರುವರ್ಷ ಬೇಸಿಗೆಯಲ್ಲಿ ನೀರು ಮಡುವಿಗಿಳಿದಾಗ ನಾಲ್ಕು ದಿನ ಎಳೆಬಲೆ ಎಳೆದೆವು. "ಬ್ಲೀಚಿಂಗ್ ಪೌಡರ್ ಹಾಕಿಬಿಡೋ ತಮ್ಮಾ, ಒಂದೇ ದಿನಕ್ಕ ಮುಗೀತದ" ಅಂದರು ಕಾಕಾ. ನಾನು ಒಪ್ಪಲಿಲ್ಲ. ಅದಕ್ಕೆ ಕಪ್ಪೆ, ಸಿಗಡಿ, ಗೆಂಡೆ ಯಾವುದೂ ಉಳಿಯೋದಿಲ್ಲ. ಊರಿನ ಮೀನನ್ನು ಬ್ಯಾರಲ್ಲಿಗೆ, ಜಿಲೇಬಿಯನ್ನು ಬುಟ್ಟಿಗೆ ಹಾಕಿದೆವು. ಎಷ್ಟೇ ಸಣ್ಣದಿರಲಿ, ಜಿಲೇಬಿ ಮತ್ತೆ ನೀರು ಕಾಣಲಿಲ್ಲ. ಕಾಲುವೆ ನೀರು ಬರುವ ತೂಬಿಗೆ ಸಣ್ಣ ಕಣ್ಣಿನ ಜಾಲರಿ ಕಟ್ಟಿದೆ. ನೀರು ತಿಳಿಯಾದಾಗ ದಂಡೆಯ ಕೆಸರಲ್ಲಿ ತಟ್ಟೆಯಾಕಾರದ ಗುಂಡಿಗಳು ಕಾಣುತ್ತವೆ, ಗಂಡು ಜಿಲೇಬಿ ತೋಡಿದ ಗೂಡು. ಅಲ್ಲೇ ಬೀಸುಬಲೆ ಹಾಕುತ್ತೇನೆ.

ಆದರೆ ಹೆಚ್ಚು ಕೆಲಸ ಮಾಡಿದ್ದು ಬಲೆಯಲ್ಲ, ಕೊರವ. ಅದು ಜಿಲೇಬಿ ಮರಿಯನ್ನು ನುಂಗುತ್ತದೆ. ಕೊರವದ ಕೆಂಪನೆಯ ಮರಿಗುಂಪು ಮೇಲೆ ಆಡುತ್ತಿದ್ದರೆ ಕೆಳಗೆ ತಂದೆ-ತಾಯಿ ಕಾವಲಿರುತ್ತವೆ. ಆಗ ಅವನ್ನು ಹಿಡಿಯೋದು ಬಲು ಸುಲಭ, ಬೆಲೆಯೂ ಚೆನ್ನಾಗಿದೆ. ಅದನ್ನು ಹಿಡಿಯದೆ ಬಿಟ್ಟದ್ದಕ್ಕೆ ಮನೆಯಲ್ಲಿ ಜಗಳವೇ ಆಯಿತು!

ನಾನೇ ಬಿಡುವ ರೋಹು, ಮೃಗಾಲ್ ಮೀನು ಕೂಡ ಹೊರಗಿನವೇ, ಗಂಗೆಯ ಕಡೆಯವು, ಅದು ಗೊತ್ತು. ಆದರೆ ನಿಂತ ನೀರಲ್ಲಿ ಅವು ಮರಿ ಮಾಡೋದಿಲ್ಲ, ಹಿಡಿದರೆ ಮುಗಿಯಿತು.

ಆಫ್ರಿಕನ್ ಕ್ಯಾಟ್‌ಫಿಶ್ ವಿಷಯದಲ್ಲಿ ಮಾತ್ರ ರಾಜಿ ಇಲ್ಲ. 2000ದಲ್ಲೇ ಅದರ ಸಾಕಣೆ ನಿಷೇಧವಾಗಿದ್ದರೂ ಒಂದು ಮಳೆಗಾಲ ಯಾರದೋ ಹೊಂಡ ಒಡೆದು ಎರಡು ನಮ್ಮಲ್ಲಿಗೆ ಬಂದವು. ಗಾಳಿ ಕುಡಿದು ಕೆಸರಲ್ಲೂ ಬದುಕುವ ಜೀವ ಅದು. ನಮ್ಮ ಕೋಡಿ ನೀರು ಹಳ್ಳ ಸೇರಿ ತುಂಗಭದ್ರೆಗೆ ಹೋಗುತ್ತದೆ. ಡ್ಯಾಮಿನ ಕೆಳಗೆ ಮುದ್ಲಾಪುರದಿಂದ ಕಂಪ್ಲಿವರೆಗಿನ 34 ಕಿ.ಮೀ. ನದಿ 2015ರಿಂದ ನೀರುನಾಯಿ ಸಂರಕ್ಷಿತ ಪ್ರದೇಶ; ಈ ಮೀನು ಅಲ್ಲಿಗೆ ಸೇರಬಾರದು. ಆ ಎರಡನ್ನು ಹಿಡಿಯಲು ರಾತ್ರಿ ಗಾಳ ಹಾಕಿ ಹನ್ನೊಂದು ದಿನ ಕಾದೆ.

ಜಿಲೇಬಿ ಪೂರ್ತಿ ಹೋಗಿಲ್ಲ, ಹೋಗೋದೂ ಇಲ್ಲ. ಹೋದ ಸಲ ಬಂದದ್ದರಲ್ಲಿ ಅದು ಅರ್ಧಕ್ಕಿಂತ ಕಡಿಮೆ ಇತ್ತು. ತೂಬಿನ ಜಾಲರಿಯನ್ನು ಏಡಿ ಎರಡು ಕಡೆ ಕತ್ತರಿಸಿದೆ; ಕಾಲುವೆಗೆ ನೀರು ಬಿಡುವ ಮೊದಲು ಹೊಸದು ಕಟ್ಟಬೇಕು.